ಲಂಡನ್ನಿನ ಮಿಲೆನಿಯಂ ಸೇತುವೆಯ ಫೋಟೋ ಕೆಡದಂತೆ ತೆಗೆಯುವುದು ಹೇಗೆ: ಹಂತ ಹಂತವಾಗಿ

ಲಂಡನ್ನಿಗೆ ಬಂದು ಹೋದ ಸ್ನೇಹಿತರು, ನೆಂಟರು ನನಗೆ ಕಳಿಸುವ, ಥೇಮ್ಸ್ ನದಿಯ ಮೇಲೆ ನಡೆದು ಹೋಗುವವರಿಗೆಂದೇ ಇರುವ ಮಿಲೆನಿಯಂ ಸೇತುವೆಯ ಫೋಟೋಗಳು ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ. ಮಧ್ಯದಲ್ಲಿ ಸೇಂಟ್ ಪಾಲ್ಸ್ ಚರ್ಚಿನ ಗುಮ್ಮಟ, ಅದರ ಕೆಳಗೆ ಜನವೋ ಜನ. ಸೇತುವೆ ಎಲ್ಲಿದೆ ಅಂತ ಹುಡುಕಬೇಕು. ರಾತ್ರಿ ತೆಗೆದದ್ದಾದರೆ ಅದೂ ಅಲುಗಾಡಿರುತ್ತದೆ. ಜೊತೆಗೆ "ಕ್ಯಾಮೆರಾ ಅಷ್ಟು ಚೆನ್ನಾಗಿಲ್ಲ ಅನ್ಸುತ್ತೆ" ಅಂತ ಒಂದು ಮೆಸೇಜು.

ತಪ್ಪು ಕ್ಯಾಮೆರಾದ್ದಲ್ಲ. ಎಲ್ಲರೂ ಮೊದಲು ಸೇತುವೆಗೆ ಹೋಗಿ, ಆಮೇಲೆ ಎಲ್ಲಿ ನಿಲ್ಲುವುದು ಎಂದು ನೋಡಿ, ಕೊನೆಗೆ ಬೆಳಕು ಹೇಗಿದೆ ಎಂದು ಯೋಚಿಸುತ್ತಾರೆ. ಇದನ್ನು ಪೂರ್ತಿ ತಿರುಗಿಸಬೇಕು. ಮೊದಲು ಯಾವ ಫೋಟೋ ಬೇಕು, ಆಮೇಲೆ ಯಾವ ಹೊತ್ತು, ಆಮೇಲೆ ಎಲ್ಲಿ ನಿಲ್ಲಬೇಕು, ಎಲ್ಲಕ್ಕಿಂತ ಕೊನೆಗೆ ಕ್ಯಾಮೆರಾದ ಸೆಟ್ಟಿಂಗ್.

ಹಂತ 1: ಸೇತುವೆ ಬೇಕೋ, ಗುಮ್ಮಟ ಬೇಕೋ? ಮನೆಯಲ್ಲೇ ತೀರ್ಮಾನಿಸಿ

ಸಾಮಾನ್ಯ ತೂಗುಸೇತುವೆಗೆ ಎರಡು ಎತ್ತರದ ಕಂಬ ಇರುತ್ತವೆ, ಅವುಗಳ ಮೇಲಿಂದ ತಂತಿಹಗ್ಗ ಇಳಿದು ಬರುತ್ತದೆ. ಎಲ್ಲಿಂದ ನೋಡಿದರೂ ಅದು ಸೇತುವೆ ಎಂದು ಗೊತ್ತಾಗುತ್ತದೆ. ಮಿಲೆನಿಯಂ ಸೇತುವೆಗೆ ಅಂಥ ಕಂಬ ಇಲ್ಲ. ನದಿಯಲ್ಲಿ ಎರಡೇ ಕಾಲುಗಳು, ಅವುಗಳ ಮೇಲೆ ರೆಕ್ಕೆ ಚಾಚಿದ ಹಾಗೆ ಉಕ್ಕಿನ ತೋಳುಗಳು. ಒಂದೊಂದು ಬದಿಗೆ ನಾಲ್ಕರಂತೆ ಒಟ್ಟು ಎಂಟು ತಂತಿಹಗ್ಗಗಳು ಆ ತೋಳುಗಳ ಮೇಲೆ ಹಾದುಹೋಗುತ್ತವೆ. ನಡುವಿನ 144 ಮೀಟರ್ ಉದ್ದದಲ್ಲಿ ಆ ಹಗ್ಗ ಬಾಗುವುದು ಬರೀ 2.3 ಮೀಟರ್. ಅಂದರೆ ಸೇತುವೆಯ ಆಕಾರವೆಲ್ಲ ಪಕ್ಕದಿಂದ ನೋಡಿದಾಗ ಮಾತ್ರ ಕಾಣುತ್ತದೆ. ನೇರ ಎದುರು ನಿಂತರೆ ಅದು ಬರೀ ಒಂದು ರಸ್ತೆ, ಆ ರಸ್ತೆಯ ಕೊನೆಯಲ್ಲಿ 111 ಮೀಟರ್ ಎತ್ತರದ ಗುಮ್ಮಟ. ಯಾರು ಗೆಲ್ಲುತ್ತಾರೆ ಹೇಳಿ?

ಅದಕ್ಕೇ ಮೊದಲು ನಿರ್ಧಾರ ಬೇಕು. ಸೇತುವೆಯ ಫೋಟೋ ಬೇಕಾದರೆ ಪಕ್ಕಕ್ಕೆ ಹೋಗಿ, ತಗ್ಗಿಗೆ ಹೋಗಿ. ಗುಮ್ಮಟದ ಫೋಟೋ ಬೇಕಾದರೆ ಎದುರು ನಿಲ್ಲಿ, ಸೇತುವೆಯನ್ನು ಬರೀ ದಾರಿಯಾಗಿ ಬಳಸಿ. ಎರಡೂ ಒಂದೇ ಫೋಟೋದಲ್ಲಿ ಬರಲಿ ಎಂದು ಹೊರಟವರಿಗೇ ಎರಡೂ ಕೈತಪ್ಪುವುದು. ಈ ಒಂದು ಮಾತು ಒಪ್ಪಿದರೆ ಮುಂದಿನದೆಲ್ಲ ಸುಲಭ.

ಹಂತ 2: ಹೊತ್ತು ನೋಡಿ

ಸೇತುವೆ ಉತ್ತರ ದಕ್ಷಿಣವಾಗಿದೆ. ಉತ್ತರ ತುದಿಯಲ್ಲಿ ಸೇಂಟ್ ಪಾಲ್ಸ್, ದಕ್ಷಿಣ ತುದಿಯಲ್ಲಿ ಟೇಟ್ ಮಾಡರ್ನ್ ಗ್ಯಾಲರಿ. ದಕ್ಷಿಣ ದಡದಲ್ಲಿ ನಿಂತು ಉತ್ತರಕ್ಕೆ ನೋಡಿದರೆ ನಡುಹಗಲಿನ ಸೂರ್ಯ ನಿಮ್ಮ ಬೆನ್ನಿಗಿರುತ್ತಾನೆ. ಗುಮ್ಮಟಕ್ಕೆ ಚೆನ್ನಾಗಿ ಬಿಸಿಲು ಬೀಳುತ್ತದೆ, ನಿಜ. ಆದರೆ ಬೇಸಿಗೆಯ ನಡುಹಗಲಲ್ಲಿ ಅಲ್ಯೂಮಿನಿಯಂ ನೆಲ ಮತ್ತು ಉಕ್ಕಿನ ಕಂಬಿ ಕಣ್ಣು ಕುಕ್ಕುವಷ್ಟು ಹೊಳೆದು ಫೋಟೋದಲ್ಲಿ ಬಿಳಿ ಮಚ್ಚೆಯಾಗುತ್ತವೆ.

ನಮ್ಮೂರಿನ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಬೆಂಗಳೂರಿನಲ್ಲಿ ವರ್ಷವಿಡೀ ಸೂರ್ಯ ಹೆಚ್ಚುಕಡಿಮೆ ಆರರಿಂದ ಏಳರೊಳಗೆ ಹುಟ್ಟುತ್ತಾನೆ, ಮುಳುಗುವುದೂ ಸುಮಾರು ಅಷ್ಟೇ ಹೊತ್ತಿಗೆ. ಲಂಡನ್ನಿನಲ್ಲಿ ಜೂನ್ ಕೊನೆಗೆ ಬೆಳಿಗ್ಗೆ 4.45ರ ಸುಮಾರಿಗೆ ಹುಟ್ಟಿ ರಾತ್ರಿ 9.20ಕ್ಕೆ ಮುಳುಗುತ್ತಾನೆ, ಡಿಸೆಂಬರ್ ಕೊನೆಗೆ ಬೆಳಿಗ್ಗೆ 8ರ ನಂತರ ಹುಟ್ಟಿ ಸಂಜೆ 4ರೊಳಗೇ ಮುಳುಗಿಬಿಡುತ್ತಾನೆ. ದಿಕ್ಕೂ ಬದಲಾಗುತ್ತದೆ. ಜೂನ್‌ನಲ್ಲಿ ಹುಟ್ಟುವುದು ಈಶಾನ್ಯಕ್ಕೆ, ಮುಳುಗುವುದು ವಾಯುವ್ಯಕ್ಕೆ. ಡಿಸೆಂಬರ್‌ನಲ್ಲಿ ಹುಟ್ಟುವುದು ಆಗ್ನೇಯಕ್ಕೆ, ಮುಳುಗುವುದು ನೈರುತ್ಯಕ್ಕೆ. ಇದನ್ನು ತಿಳಿಯದೆ "ಸಂಜೆ ಸೂರ್ಯಾಸ್ತಕ್ಕೆ ಹೋಗ್ತೀವಿ" ಎಂದು ಹೊರಟವರು ತಪ್ಪು ಬದಿಯಲ್ಲಿ ನಿಂತು ಮುಕ್ಕಾಲು ಗಂಟೆ ಕಳೆಯುತ್ತಾರೆ.

ನನ್ನ ಆಯ್ಕೆ ಹೇಳುತ್ತೇನೆ. ಬೇಸಿಗೆಯಲ್ಲಿ ಬಂದವರು ಬೆಳಿಗ್ಗೆ 5ರಿಂದ 6.30ರೊಳಗೆ ಹೋಗಿ. ಆ ಹೊತ್ತಲ್ಲಿ ಸೇತುವೆ ಹೆಚ್ಚುಕಡಿಮೆ ಖಾಲಿ. ಚಳಿಗಾಲದಲ್ಲಿ ಬಂದವರು ಸಂಜೆ 4ರಿಂದ 4.45ರೊಳಗೆ ಇರಿ, ಆಕಾಶ ಕಡುನೀಲಿಯಾಗಿ ದೀಪಗಳು ಹತ್ತಿರುತ್ತವೆ. ಚಿಕ್ಕ ಮಕ್ಕಳನ್ನು ಕರೆದುಕೊಂಡು ಬಂದವರಿಗೆ ಡಿಸೆಂಬರ್ ತುಂಬ ಅನುಕೂಲ, ರಾತ್ರಿಯ ಫೋಟೋ ತೆಗೆದು ಊಟದ ಹೊತ್ತಿಗೆ ರೂಮಿಗೆ ಮರಳಬಹುದು.

ಮೋಡ ಇದ್ದರೆ ಬೇಸರ ಮಾಡಬೇಡಿ. ಲೋಹಕ್ಕೆ ಮೋಡದ ಬೆಳಕೇ ಒಳ್ಳೆಯದು. ಕಂಬಿಯ ಗುಂಡು, ಹಗ್ಗದ ತಿರುಪು ಎಲ್ಲ ಮೆತ್ತಗೆ ಕಾಣುತ್ತದೆ. ಬೋಳು ಬೂದು ಆಕಾಶವನ್ನು ಮಾತ್ರ ಫ್ರೇಮಿನಲ್ಲಿ ಕಡಿಮೆ ಇಟ್ಟುಕೊಳ್ಳಿ.

ಹಂತ 3: ನದಿಯ ಉಬ್ಬರ ಇಳಿತ ನೋಡಿ

ಇದನ್ನು ಬಿಟ್ಟುಬಿಡುವವರೇ ಜಾಸ್ತಿ. ಥೇಮ್ಸ್ ಇಲ್ಲಿ ಸಮುದ್ರದ ಜೊತೆ ಏರಿ ಇಳಿಯುತ್ತದೆ. ಕರಾವಳಿಯವರಿಗೆ ಉಬ್ಬರ ಇಳಿತ ಹೊಸದೇನಲ್ಲ, ಆದರೆ ಮಂಗಳೂರು, ಕಾರವಾರದ ಕಡೆ ಎರಡು ಮೀಟರಿನ ಆಸುಪಾಸಿನಲ್ಲಿ ಮುಗಿಯುವುದು ಇಲ್ಲಿ 7 ಮೀಟರ್‌ವರೆಗೂ ಹೋಗುತ್ತದೆ. ದಿನಕ್ಕೆ ಎರಡು ಸಲ ಏರು, ಎರಡು ಸಲ ಇಳಿತ, ನಡುವೆ ಆರು ಗಂಟೆ ಚಿಲ್ಲರೆ. ಮರುದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತದೆ, ಹಾಗಾಗಿ ನಿನ್ನೆ ಕಂಡ ಹೊತ್ತು ಇವತ್ತು ಸಿಗುವುದಿಲ್ಲ. ನದಿಯ ಉಸ್ತುವಾರಿ ನೋಡಿಕೊಳ್ಳುವ ಪೋರ್ಟ್ ಆಫ್ ಲಂಡನ್ ಅಥಾರಿಟಿ ಇದರ ವೇಳಾಪಟ್ಟಿ ಪ್ರಕಟಿಸುತ್ತದೆ. ಹೋಗುವ ದಿನದ್ದನ್ನು ನೋಡಿ ಬರೆದಿಟ್ಟುಕೊಳ್ಳಿ.

ನೀರು ಇಳಿದಾಗ ಸೇತುವೆಯ ಕಾಲುಗಳು ಎತ್ತರವಾಗಿ ಕಾಣುತ್ತವೆ, ಕಲ್ಲು ಮರಳಿನ ನದೀತಳ ತೆರೆದುಕೊಳ್ಳುತ್ತದೆ. ಕೆಳಗಿನಿಂದ ಸೇತುವೆಯ ಹೊಟ್ಟೆ ತೆಗೆಯಲು ಇದೇ ಹೊತ್ತು. ನೀರು ತುಂಬಿದಾಗ, ಏರು ನಿಂತು ಇಳಿತ ಶುರುವಾಗುವ ಮುಂಚಿನ ಕೆಲವು ನಿಮಿಷ ನದಿ ತುಸು ಶಾಂತವಾಗುತ್ತದೆ. ದೀಪದ ಪ್ರತಿಬಿಂಬ ಬೇಕಾದವರು ಆ ನಿಮಿಷಗಳಿಗೆ ಕಾಯಬೇಕು. ನೀರು ಜೋರಾಗಿ ಹರಿಯುವಾಗ ಪ್ರತಿಬಿಂಬ ಚೂರುಚೂರು.

ನದೀತಳಕ್ಕೆ ಇಳಿಯುವವರಿಗೆ ಎಚ್ಚರಿಕೆ. ದಡದ ಗೋಡೆಗೆ ಅಲ್ಲಲ್ಲಿ ಮೆಟ್ಟಿಲುಗಳಿವೆ, ಕೆಳಗಿನ ಮೆಟ್ಟಿಲುಗಳಿಗೆ ಪಾಚಿ ಹಿಡಿದು ಜಾರುತ್ತವೆ. ನೀರು ಅತಿ ತಗ್ಗಿಗೆ ಇಳಿಯುವ ಹೊತ್ತಿಗೆ ಒಂದು ಗಂಟೆ ಮುಂಚೆ ಇಳಿದು, ಆ ಹೊತ್ತು ಆದ ಕೂಡಲೇ ಮೇಲೆ ಬಂದುಬಿಡಿ. ಹಾಕಿಟ್ಟ ಬ್ಯಾಗಿನ ಹತ್ತಿರದ ಕಲ್ಲು ಒದ್ದೆಯಾಗಿದೆ ಎಂದರೆ ನೀರು ಏರುತ್ತಿದೆ ಎಂದೇ ಅರ್ಥ, ಇನ್ನೊಂದು ಫೋಟೋ ಅಂತ ನಿಲ್ಲಬೇಡಿ. ನೀವು ಇಳಿದ ಮೆಟ್ಟಿಲು ಯಾವುದು ಎಂಬುದನ್ನು ಕಣ್ಣಳತೆಯಲ್ಲೇ ಇಟ್ಟುಕೊಳ್ಳಿ. ಅಲ್ಲಿ ಅಗೆಯುವುದಕ್ಕೆ, ಹುಡುಕುವುದಕ್ಕೆ, ಸಿಕ್ಕಿದ್ದನ್ನು ಎತ್ತಿಕೊಳ್ಳುವುದಕ್ಕೆ ಪರವಾನಗಿ ಬೇಕು. ಮಕ್ಕಳು ಹಳೆಯ ಹೆಂಚಿನ ಚೂರು ಜೇಬಿಗೆ ಹಾಕಿಕೊಳ್ಳದಂತೆ ನೋಡಿಕೊಳ್ಳಿ.

ಹಂತ 4: ಏನೇನು ಒಯ್ಯಬೇಕು

ಫೋನ್ ಸಾಕು, ಚಿಂತೆ ಬೇಡ. ಕ್ಯಾಮೆರಾ ಇದ್ದರೆ ಒಂದು ಅಗಲದ ಲೆನ್ಸ್ (16ರಿಂದ 24 ಎಂಎಂ) ಮತ್ತು ಒಂದು ಉದ್ದದ್ದು (70ರಿಂದ 200 ಎಂಎಂ). ನಡುವಿನದು ಇಲ್ಲದಿದ್ದರೂ ನಡೆಯುತ್ತದೆ. ರಾತ್ರಿಗೆ ಸಣ್ಣ ಟ್ರೈಪಾಡ್, ಒರೆಸಲು ಎರಡು ಬಟ್ಟೆ, ಒಂದು ಮಿಗಿಲು ಬ್ಯಾಟರಿ. ಚಳಿಗೆ ಬ್ಯಾಟರಿ ಬೇಗ ಇಳಿಯುತ್ತದೆ, ಅದನ್ನು ಕೋಟಿನ ಒಳಜೇಬಿನಲ್ಲಿಡಿ.

ಪೋಲರೈಸರ್ ಫಿಲ್ಟರಿನ ಬಗ್ಗೆ ಒಂದು ತಪ್ಪು ನಂಬಿಕೆ ಇದೆ. ಅದನ್ನು ಹಾಕಿದರೆ ಉಕ್ಕಿನ ಹೊಳಪು ಹೋಗುತ್ತದೆ ಎಂದು ಜನ ತರುತ್ತಾರೆ. ಬರಿ ಲೋಹದ ಹೊಳಪನ್ನು ಅದು ತೆಗೆಯಲಾರದು. ನೀರಿನ ಮೇಲಿನ ಹೊಳಪು, ಗಾಜಿನ ಹೊಳಪನ್ನು ಕಡಿಮೆ ಮಾಡುತ್ತದೆ, ಆಕಾಶದ ನೀಲಿಯನ್ನು ಗಾಢ ಮಾಡುತ್ತದೆ, ಅಷ್ಟೇ. ಲೋಹದ ಹೊಳಪು ಹೋಗಬೇಕೆಂದರೆ ನೀವೇ ನಾಲ್ಕು ಹೆಜ್ಜೆ ಜರುಗಬೇಕು.

ಡ್ರೋನ್ ತರಬೇಡಿ. ಮಧ್ಯ ಲಂಡನ್ನಿನ ಆಕಾಶಕ್ಕೆ ನಿರ್ಬಂಧ ಇದೆ. ಸ್ವಂತಕ್ಕೆ ತೆಗೆಯುವ ಫೋಟೋಗೆ ಯಾರೂ ಏನೂ ಅನ್ನುವುದಿಲ್ಲ. ಮದುವೆ ಶೂಟ್, ಜಾಹೀರಾತು ಇಂಥದ್ದಾದರೆ ಮೊದಲೇ ಅನುಮತಿ ಪಡೆಯಿರಿ.

ಹಂತ 5: ನಿಲ್ಲುವ ಜಾಗ

ಕನ್ನಡಿಗರು ಹೆಚ್ಚಾಗಿ ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನ ಬಸವಣ್ಣನವರ ಪ್ರತಿಮೆ ನೋಡಲು ಹೋಗೇ ಹೋಗುತ್ತಾರೆ. ಅದು ಇದೇ ನದಿಯ ಇದೇ ದಕ್ಷಿಣ ದಡದಲ್ಲಿದೆ, ಲ್ಯಾಂಬೆತ್ ಸೇತುವೆಯ ಹತ್ತಿರ. ಅಲ್ಲಿಂದ ನದಿಯನ್ನು ಎಡಗೈಗೆ ಇಟ್ಟುಕೊಂಡು ದಡದ ದಾರಿಯಲ್ಲೇ ನಡೆದರೆ ಸುಮಾರು ಒಂದು ಗಂಟೆಯಲ್ಲಿ ಟೇಟ್ ಮಾಡರ್ನ್ ಮುಂದೆ ಬರುತ್ತೀರಿ. ನಡೆಯಲಾಗದವರಿಗೆ ಬ್ಲ್ಯಾಕ್‌ಫ್ರಯರ್ಸ್ ಅಥವಾ ಸೇಂಟ್ ಪಾಲ್ಸ್ ಸ್ಟೇಷನ್ ಹತ್ತಿರ.

ಮೊದಲ ಜಾಗ, ಟೇಟ್ ಮುಂದೆ, ಸೇತುವೆಗಿಂತ ಪಶ್ಚಿಮಕ್ಕೆ ನೂರು ಹೆಜ್ಜೆ. ಇಲ್ಲಿಂದ ಸೇತುವೆ ಓರೆಯಾಗಿ ನದಿ ದಾಟುವುದು ಕಾಣುತ್ತದೆ, ಗುಮ್ಮಟ ಅದರ ಎಡಕ್ಕೆ ಸರಿಯುತ್ತದೆ. ಬೇಸಿಗೆಯ ಮುಂಜಾವಿನಲ್ಲಿ ಸೂರ್ಯ ಸೇತುವೆಯ ಆಚೆ ಹುಟ್ಟುವುದರಿಂದ ಹಗ್ಗಗಳೆಲ್ಲ ಕಪ್ಪು ಗೆರೆಯಾಗಿ ಬರುತ್ತವೆ. ಆಗ ಕ್ಯಾಮೆರಾವನ್ನು ಆಕಾಶಕ್ಕೆ ಹೊಂದಿಸಿ, ಸೇತುವೆ ಕಪ್ಪಾಗಲು ಬಿಡಿ.

ಎರಡನೆಯದು ಗ್ಲೋಬ್ ನಾಟಕಶಾಲೆಯ ಮುಂದೆ, ಸೇತುವೆಗಿಂತ ಪೂರ್ವಕ್ಕೆ. ಜೂನ್ ಸಂಜೆಗೆ ಇದು ಸರಿಯಾದ ಜಾಗ, ಸೂರ್ಯ ವಾಯುವ್ಯಕ್ಕೆ ಇಳಿಯುತ್ತಾನೆ. ಡಿಸೆಂಬರ್‌ನಲ್ಲಿ ಸೂರ್ಯಾಸ್ತಕ್ಕೆಂದು ಇಲ್ಲಿ ಬಂದರೆ ವ್ಯರ್ಥ. ಚಳಿಗಾಲದಲ್ಲಿ ಸೂರ್ಯ ತಗ್ಗಿನಲ್ಲೇ ಇರುವುದರಿಂದ ಟೇಟ್ ಕಟ್ಟಡದ ನೆರಳು ಕೂಡ ಸೇತುವೆಯ ದಕ್ಷಿಣ ತುದಿಯ ಕಡೆ ಚಾಚುತ್ತದೆ.

ಮೂರನೆಯದು ನನಗೆ ತುಂಬ ಇಷ್ಟದ್ದು. ಪೂರ್ವಕ್ಕಿರುವ ಸದರ್ಕ್ ಸೇತುವೆ (ಬೋರ್ಡಿನಲ್ಲಿ ಸೌತ್‌ವಾರ್ಕ್ ಎಂದು ಓದಿಕೊಳ್ಳುತ್ತೀರಿ, ಕೇಳುವಾಗ ಸದರ್ಕ್ ಎನ್ನಿ). ಅದರ ಮೇಲೆ ನಿಂತು ಪಶ್ಚಿಮಕ್ಕೆ ಉದ್ದ ಲೆನ್ಸ್ ಹಿಡಿದರೆ ಇಡೀ ಮಿಲೆನಿಯಂ ಸೇತುವೆ ಒಂದು ತೆಳು ಗೆರೆಯಾಗಿ ನದಿಗೆ ಅಡ್ಡ ಬರುತ್ತದೆ, ಅದರ ಮೇಲೆ ಜನ ಇರುವೆ ಸಾಲಿನ ಹಾಗೆ. ಇದರ ತೆಳುವೇ ಇದರ ಚೆಲುವು, ಅದು ಇಲ್ಲಿಂದ ಕಂಡಷ್ಟು ಬೇರೆಲ್ಲೂ ಕಾಣುವುದಿಲ್ಲ. ಮಾರ್ಚ್ ಮತ್ತು ಸೆಪ್ಟೆಂಬರ್ ಮೂರನೇ ವಾರದ ಆಸುಪಾಸಿನಲ್ಲಿ ಸೂರ್ಯ ಹೆಚ್ಚುಕಡಿಮೆ ನೇರ ಪಶ್ಚಿಮಕ್ಕೆ ಇಳಿಯುತ್ತಾನೆ, ಆಗ ಬಂದವರು ಈ ಜಾಗ ಬಿಡಬೇಡಿ. ಪಕ್ಕದಲ್ಲಿ ಬಸ್ಸು ಓಡಾಡುತ್ತವೆ, ಅದು ಹೋದ ಮೇಲೆ ಎರಡು ಕ್ಷಣ ತಡೆದು ಕ್ಲಿಕ್ ಮಾಡಿ.

ಇನ್ನು ಗುಮ್ಮಟ ಬೇಕಾದವರಿಗೆ. ದಕ್ಷಿಣ ತುದಿಯಲ್ಲಿ ಸೇತುವೆಯಿಂದ ಇಳಿಯುವ ದಾರಿ ಹಿಂದಕ್ಕೆ ತಿರುಗಿ ನೆಲಕ್ಕೆ ಬರುತ್ತದೆ. ಆ ಇಳಿಜಾರಿನ ಬುಡದಲ್ಲಿ ಮಧ್ಯಕ್ಕೆ ನಿಂತು ಉತ್ತರಕ್ಕೆ ನೋಡಿದರೆ ಲೋಹದ ಗೆರೆಗಳೆಲ್ಲ ಗುಮ್ಮಟದ ಕಡೆ ಓಡುತ್ತವೆ. ಇಲ್ಲಿ ಒಂದು ಅಡಿ ಆಚೀಚೆ ಆದರೂ ಫೋಟೋ ಕೆಡುತ್ತದೆ. ಸ್ಕ್ರೀನಿನಲ್ಲಿ ಚೌಕಳಿ ಗೆರೆ ಹಾಕಿಕೊಳ್ಳಿ, ಗುಮ್ಮಟದ ತುದಿಯ ಶಿಲುಬೆಯನ್ನು ಫ್ರೇಮಿನ ಸರಿ ಮಧ್ಯಕ್ಕೆ ತನ್ನಿ, ಆಮೇಲೆ ಎಡ ಬಲದ ಕಂಬಿಗಳು ಫ್ರೇಮಿನ ಅಂಚನ್ನು ಒಂದೇ ಎತ್ತರದಲ್ಲಿ ಮುಟ್ಟುತ್ತವೆಯೇ ನೋಡಿ. ಮುಟ್ಟದಿದ್ದರೆ ಕ್ಯಾಮೆರಾ ತಿರುಗಿಸಬೇಡಿ, ನೀವೇ ಜರುಗಿ. ಎಲ್ಲರೂ ಮಾಡುವ ತಪ್ಪೇ ಇದು, ಕಾಲು ಅಲ್ಲಾಡಿಸದೆ ಕೈ ತಿರುಗಿಸುತ್ತಾರೆ.

ಫೋನನ್ನು ಮೇಲಕ್ಕೆ ಓರೆ ಮಾಡಿದರೆ ಗುಮ್ಮಟ ಹಿಂದಕ್ಕೆ ಬಿದ್ದ ಹಾಗಾಗುತ್ತದೆ. ನೆಟ್ಟಗೆ ಹಿಡಿದು, ಕೆಳಗೆ ಜಾಸ್ತಿ ನೆಲ ಬಂದರೂ ಪರವಾಗಿಲ್ಲ ಎಂದು ತೆಗೆದು, ಮನೆಗೆ ಬಂದು ಕತ್ತರಿಸಿ.

ಹಂತ 6: ಸೇತುವೆಯ ಮೇಲೆ

ಹಗಲಿಗೆ ಶಟರ್ ವೇಗ 1/250 ಸೆಕೆಂಡು, ಲೆನ್ಸಿನ ತೆರಪು ಎಫ್/8, ಐಎಸ್ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 100ರಿಂದ 200. ಬಿಸಿಲಿದ್ದರೆ ಎಕ್ಸ್‌ಪೋಶರನ್ನು (ಫೋಟೋದ ಬೆಳಕನ್ನು) ಒಂದಿಷ್ಟು ಇಳಿಸಿ. ಫೋನಿನಲ್ಲಾದರೆ ಹೊಳೆಯುವ ಕಂಬಿಯ ಮೇಲೆ ಬೆರಳು ಒತ್ತಿ ಹಿಡಿದು, ಬೆಳಕು ಬೀಗವಾದ ಮೇಲೆ ಬೇಕಿದ್ದರೆ ತುಸು ಮೇಲೆ ಕೆಳಗೆ ಎಳೆಯಿರಿ. ಬಿಳಿಯಾಗಿ ಸುಟ್ಟುಹೋದ ಲೋಹವನ್ನು ಆಮೇಲೆ ಯಾವ ಆ್ಯಪೂ ಮರಳಿ ತರುವುದಿಲ್ಲ. ಕಪ್ಪಾದದ್ದನ್ನು ಸ್ವಲ್ಪ ಎತ್ತಬಹುದು.

ನೆಲವೂ ನೋಡುವಂಥದ್ದೇ. ಸಾಲುಸಾಲು ಗೆರೆಗಳಿರುವ ಅಲ್ಯೂಮಿನಿಯಂ ಪಟ್ಟಿ ಅದು. ಡಿಸೆಂಬರ್ ನಡುಹಗಲಿಗೆ ಸೂರ್ಯ ಕೇವಲ 15 ಡಿಗ್ರಿಯಷ್ಟು ಮೇಲಿರುತ್ತಾನೆ, ಹಾಗಾಗಿ ನಡೆಯುವವರ ನೆರಳು ಈ ಗೆರೆಗಳ ಮೇಲೆ ಉದ್ದಕ್ಕೆ ಬೀಳುತ್ತದೆ. ಉತ್ತರ ತುದಿಯಿಂದ ದಕ್ಷಿಣಕ್ಕೆ ತಿರುಗಿ ಆ ನೆರಳುಗಳನ್ನು ತೆಗೆಯಿರಿ, ಹಿಂದೆ ಟೇಟ್‌ನ 99 ಮೀಟರಿನ ಚಿಮಣಿ ನಿಂತಿರುತ್ತದೆ. ಬೆನ್ ವಿಲ್ಸನ್ ಎಂಬ ಕಲಾವಿದ ಈ ನೆಲಕ್ಕೆ ಮೆತ್ತಿಕೊಂಡ ಚೂಯಿಂಗ್ ಗಮ್ಮಿನ ಮೇಲೆ ಉಗುರಿನಷ್ಟು ದೊಡ್ಡ ಬಣ್ಣದ ಚಿತ್ರಗಳನ್ನು ಬರೆದಿದ್ದಾರೆ. ಬಗ್ಗಿ ನೋಡಿದರೆ ಮಾತ್ರ ಕಾಣುತ್ತವೆ. ಫೋಟೋಗೆ ಕೂರುವಾಗ ಬದಿಗೆ ಸರಿದು ಕೂರಿ, ಸೇತುವೆಯ ಅಗಲ 4 ಮೀಟರ್ ಮಾತ್ರ, ಆಫೀಸಿಗೆ ಓಡುವವರ ದಾರಿ ಅದು.

ಮಳೆ ನಿಂತ ಮೇಲಿನ ಹತ್ತು ನಿಮಿಷ ಕಳೆದುಕೊಳ್ಳಬೇಡಿ. ಒದ್ದೆ ನೆಲ ಕನ್ನಡಿಯ ಹಾಗಾಗುತ್ತದೆ. ಆದರೆ ಅದೇ ನೆಲ ಜಾರುತ್ತದೆ, ಹಿಂದೆ ಹಿಂದೆ ನಡೆಯುತ್ತಾ ಫೋಟೋ ತೆಗೆಯಬೇಡಿ.

ಹಂತ 7: ರಾತ್ರಿ

ರಾತ್ರಿಯ ಫೋಟೋ ಅಲುಗಾಡುವುದಕ್ಕೆ ಕಾರಣ ನಿಮ್ಮ ಕೈ ಮಾತ್ರವಲ್ಲ, ಸೇತುವೆಯೂ ಹೌದು. 2000ದ ಜೂನ್‌ನಲ್ಲಿ ತೆರೆದಾಗ ಇದು ಎಷ್ಟು ತೂಗಿತೆಂದರೆ ಎರಡೇ ದಿನಕ್ಕೆ ಮುಚ್ಚಬೇಕಾಯಿತು. ಆಮೇಲೆ ತೂಗಾಟ ತಡೆಯುವ ಡ್ಯಾಂಪರ್‌ಗಳನ್ನು ಹಾಕಿ 2002ರಲ್ಲಿ ಮತ್ತೆ ತೆರೆದರು. ಈಗ ನಡೆಯುವವರಿಗೆ ಏನೂ ಗೊತ್ತಾಗುವುದಿಲ್ಲ. ಆದರೆ ಹತ್ತು ಸೆಕೆಂಡು ಶಟರ್ ತೆರೆದಿಟ್ಟ ಕ್ಯಾಮೆರಾಗೆ ಪಕ್ಕದಲ್ಲಿ ಓಡಿಹೋದವರ ಹೆಜ್ಜೆಯ ಅದುರು ಸಾಕು. ಟ್ರೈಪಾಡ್ ಎಷ್ಟೇ ಗಟ್ಟಿ ಇದ್ದರೂ ಅದು ನಿಂತ ನೆಲವೇ ಅದುರಿದರೆ ಏನು ಮಾಡುತ್ತೀರಿ?

ಆದ್ದರಿಂದ ಉದ್ದ ಹೊತ್ತಿನ ಫೋಟೋಗಳನ್ನೆಲ್ಲ ದಡದ ನೆಲದ ಮೇಲಿಂದ ತೆಗೆಯಿರಿ. ಐಎಸ್ಒ 100, ಎಫ್/8, 4ರಿಂದ 15 ಸೆಕೆಂಡು, 2 ಸೆಕೆಂಡಿನ ಟೈಮರ್. ಲೆನ್ಸಿನ ಅದುರುತಡೆ ಗುಂಡಿಯನ್ನು ಟ್ರೈಪಾಡಿನ ಮೇಲೆ ಆಫ್ ಮಾಡಿ. ಟ್ರೈಪಾಡ್ ಇಲ್ಲದವರು ದಡದ ಗೋಡೆಯ ಮೇಲೆ ಮಡಚಿದ ಸ್ಕಾರ್ಫ್ ಇಟ್ಟು ಅದರ ಮೇಲೆ ಫೋನ್ ಒರಗಿಸಿ, ಪಟ್ಟಿಯನ್ನು ಕೈಗೆ ಸುತ್ತಿಕೊಂಡಿರಿ, ಆಚೆ ಬಿದ್ದರೆ ನದಿ.

ಸೇತುವೆಯ ಮೇಲಿಂದಲೇ ಬೇಕು ಎಂದಾದರೆ ಉದ್ದ ಶಟರ್ ಆಸೆ ಬಿಡಿ. ಕೈಯಲ್ಲೇ ಹಿಡಿದು 1/125, ಐಎಸ್ಒ 1600ರಿಂದ 3200. ನಿಲ್ಲುವುದು ನದಿಯ ಕಾಲುಗಳ ನೇರ ಮೇಲೆ, ಎರಡು ಕಾಲುಗಳ ನಡುವೆ ಅಲ್ಲ. ಕಾಲಿನ ಮೇಲೆ ಅದುರು ಕಡಿಮೆ.

ಆಕಾಶ ಪೂರ್ತಿ ಕಪ್ಪಾಗುವವರೆಗೆ ಕಾಯಬೇಡಿ. ಸೂರ್ಯ ಮುಳುಗಿ 20ರಿಂದ 40 ನಿಮಿಷದೊಳಗೆ ಮುಗಿಸಿ. ಆಮೇಲೆ ತೆಳು ಸೇತುವೆ ಕತ್ತಲಲ್ಲಿ ಕರಗಿಹೋಗಿ ಬರೀ ದೀಪಗಳು ಉಳಿಯುತ್ತವೆ.

ಹಂತ 8: ಜಾಗ ಬಿಡುವ ಮುಂಚೆ

ಚಿಕ್ಕ ಸ್ಕ್ರೀನಿನಲ್ಲಿ ಎಲ್ಲ ಫೋಟೋನೂ ಚೆನ್ನಾಗೇ ಕಾಣುತ್ತದೆ. ಅದಕ್ಕೇ ಅಲ್ಲೇ ನಿಂತು ಪೂರ್ತಿ ಹಿಗ್ಗಿಸಿ ನೋಡಿ. ಹಗ್ಗದ ಗೆರೆ ಎರಡೆರಡಾಗಿ ಕಂಡರೆ ಕ್ಯಾಮೆರಾ ಅಲುಗಿದೆ. ಗೆರೆ ಒಂದೇ ಇದ್ದು ಮೆತ್ತಗಿದ್ದರೆ ಫೋಕಸ್ ತಪ್ಪಿದೆ, ಕತ್ತಲಲ್ಲಿ ಕ್ಯಾಮೆರಾ ನೀರಿನ ಮೇಲೋ ಆಕಾಶದ ಮೇಲೋ ಹಿಡಿದಿರುತ್ತದೆ. ಆಗ ಗುಮ್ಮಟದ ಬೆಳಗಿದ ಅಂಚಿಗೆ ಫೋಕಸ್ ಹಿಡಿದು ಬೀಗ ಹಾಕಿ ಮತ್ತೆ ತೆಗೆಯಿರಿ. ದೀಪದ ಸುತ್ತ ಮಸುಕು ಮಸುಕಾದರೆ ಲೆನ್ಸಿಗೆ ತೇವ ಕೂತಿದೆ, ಒರೆಸಿ.

ಹಂತ 9: ಮನೆಗೆ ಬಂದ ಮೇಲೆ

ಕ್ಯಾಮೆರಾದವರು ರಾ ಫೈಲಿನಲ್ಲಿ (ಕ್ಯಾಮೆರಾ ಹಿಡಿದದ್ದನ್ನೆಲ್ಲ ಹಾಗೇ ಉಳಿಸುವ ಫೈಲು) ತೆಗೆದಿದ್ದರೆ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಮೊದಲು ಮಟ್ಟ ಸರಿಮಾಡಿ. ಅಳತೆಗೆ ನದಿಯ ಅಂಚು ಹಿಡಿಯಬೇಡಿ, ಓರೆಯಿಂದ ನೋಡಿದಾಗ ದಡ ಯಾವತ್ತೂ ಇಳಿಜಾರಾಗೇ ಕಾಣುತ್ತದೆ. ಕಟ್ಟಡದ ನೆಟ್ಟಗಿನ ಅಂಚನ್ನು ಹಿಡಿಯಿರಿ. ಆಮೇಲೆ ಬಣ್ಣ. ರಾತ್ರಿಯಲ್ಲಿ ಗುಮ್ಮಟದ ಬೆಳಕು ಹಳದಿ, ಆಕಾಶ ನೀಲಿ. ಎರಡನ್ನೂ ಬಿಳಿ ಮಾಡಲು ಹೋಗಬೇಡಿ, ಉಕ್ಕಿನ ಬೂದುಬಣ್ಣ ಸರಿಯಾಗಿ ಕಾಣುವಲ್ಲಿ ನಿಲ್ಲಿಸಿ. ಚುರುಕು (ಶಾರ್ಪ್‌ನೆಸ್) ಹೆಚ್ಚಿಸುವ ಪಟ್ಟಿಯನ್ನು ಜಾಸ್ತಿ ಎಳೆದರೆ ಹಗ್ಗಗಳ ಪಕ್ಕ ಬಿಳಿ ಅಂಚು ಮೂಡುತ್ತದೆ, ಅದು ಕಂಡ ತಕ್ಷಣ ಹಿಂದಕ್ಕೆ ತನ್ನಿ.

ಕೊನೆಗೆ ಕತ್ತರಿಸುವ ಕೆಲಸ. ಪಕ್ಕದಿಂದ ತೆಗೆದ ಫೋಟೋದಲ್ಲಿ ಗುಮ್ಮಟ ಅರ್ಧ ಬಂದಿದ್ದರೆ ಅದನ್ನು ಪೂರ್ತಿ ತೆಗೆದುಬಿಡಿ, ಕೈ ಹಿಂಜರಿದರೂ ಸರಿ. ಮೇಲೆ ಕೆಳಗೆ ಎರಡೂ ಕಡೆ ಕತ್ತರಿಸಿ ಉದ್ದನೆಯ ಪಟ್ಟಿಯಾಗಿ ಉಳಿಸಿಕೊಂಡರೆ ಸೇತುವೆ ಒಂದು ದಡದಿಂದ ಇನ್ನೊಂದು ದಡಕ್ಕೆ ಎಳೆದ ಗೆರೆಯಾಗಿ ನಿಲ್ಲುತ್ತದೆ.